ಬೆಂಗಳೂರಿನ ಮಾಲ್‌ಗಳ ಏಳುಬೀಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ಒಂದು ಮಾಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ಮೂರೇ ಕಿಲೋಮೀಟರ್ ದೂರದ ಇನ್ನೊಂದರಲ್ಲಿ ಎಸ್ಕಲೇಟರ್ ನಿಂತು ತಿಂಗಳುಗಳೇ ಆಗಿರುತ್ತವೆ. ಊರು ಒಂದೇ, ಜನರೂ ಅವರೇ, ಹೀಗಿದ್ದೂ ಈ ವ್ಯತ್ಯಾಸ ಏಕೆ? ಅಂಗಡಿ ಹಾಕಬೇಕೆಂದಿರುವವರು, ಮಳಿಗೆ ಕೊಳ್ಳಲು ಮುಂಗಡ ಕೊಟ್ಟು ಬಂದು ನಿದ್ದೆಗೆಟ್ಟವರು, ಮಾಲ್‌ನಲ್ಲಿ ಕೆಲಸಕ್ಕೆ ಸೇರಿದ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಬೆಂಗಳೂರಿನ ಮೊದಲ ಮಾಲ್ ಯಾವುದು?

ಇಂದು ನಾವು ಮಾಲ್ ಎಂದು ಕರೆಯುವ ಅರ್ಥದಲ್ಲಿ, 2004ರಲ್ಲಿ ಕೋರಮಂಗಲದಲ್ಲಿ ಪ್ರೆಸ್ಟೀಜ್ ಸಮೂಹ ತೆರೆದ ಫೋರಂ. ಹಲವು ಮಹಡಿಗಳ ಅಂಗಡಿಗಳು, ಮೇಲೆ ಫುಡ್ ಕೋರ್ಟ್, 11 ಪರದೆಗಳ ಚಿತ್ರಮಂದಿರ, ಕೆಳಗೆ ವಾಹನ ನಿಲುಗಡೆ. ಇಷ್ಟೂ ಒಂದೇ ಸೂರಿನಡಿ ಸಿಕ್ಕಿದ್ದು ಈ ಊರಿಗೆ ಆಗ ಹೊಸದು. ಮರುವರ್ಷ ಮ್ಯಾಗ್ರತ್ ರಸ್ತೆಯಲ್ಲಿ ಗರುಡಾ ಮಾಲ್ ಬಂತು. ಪಾಲಿಕೆಯ ಜಾಗ, ಖಾಸಗಿಯವರ ಹಣ, ಜೊತೆಗೆ ಬಹುಮಹಡಿ ವಾಹನ ನಿಲುಗಡೆ ಎಂಬ ಒಪ್ಪಂದದ ಮೇಲೆ ಕಟ್ಟಿದ್ದು ಅದು. ಆ ದಿನಗಳಲ್ಲಿ ಊರಿನಿಂದ ನೆಂಟರು ಬಂದರೆ ಕಬ್ಬನ್ ಪಾರ್ಕ್, ವಿಧಾನಸೌಧ ತೋರಿಸಿದ ಮೇಲೆ ಫೋರಂಗೂ ಕರೆದುಕೊಂಡು ಹೋಗುತ್ತಿದ್ದೆವು. ನನ್ನ ತಾಯಿ ಎಸ್ಕಲೇಟರಿನ ಬುಡದಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಕೊನೆಗೆ ಅಪರಿಚಿತ ಹುಡುಗಿಯೊಬ್ಬಳು ಬಂದು ಕೈಹಿಡಿದು ಹತ್ತಿಸಿದಳು.

ಅದಕ್ಕೂ ಮೊದಲು ಜನ ಎಲ್ಲಿ ಕೊಳ್ಳುತ್ತಿದ್ದರು?

ಪೇಟೆಯಲ್ಲಿ. ಕೆಂಪೇಗೌಡರು ಕಟ್ಟಿಸಿದ ಊರೇ ಕಸುಬಿಗೊಂದು ಬೀದಿಯಂತಿತ್ತು. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ದಂಡು ಪ್ರದೇಶದವರಿಗೆ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಮತ್ತು ರಸೆಲ್ ಮಾರುಕಟ್ಟೆ ಇದ್ದವು. 1905ರಲ್ಲಿ ನೀಲಗಿರಿಯ ಬೆಟ್ಟದಲ್ಲಿ ಹಾಲು ಬೆಣ್ಣೆಯ ವ್ಯಾಪಾರವಾಗಿ ಹುಟ್ಟಿದ ನೀಲಗಿರೀಸ್ 1930ರ ದಶಕದಲ್ಲಿ ಬ್ರಿಗೇಡ್ ರಸ್ತೆಗೆ ಬಂದಿತು. ಬುಟ್ಟಿ ಹಿಡಿದು ನಾವೇ ಸಾಮಾನು ಆರಿಸಿಕೊಳ್ಳುವ ಅಭ್ಯಾಸವನ್ನು ನಗರದ ಎಷ್ಟೋ ಮನೆಗಳಿಗೆ ಕಲಿಸಿದ್ದು ಅದೇ.

ಮಧ್ಯಮ ವರ್ಗದ ನೆನಪಿನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದು ಜನತಾ ಬಜಾರ್. ಸಹಕಾರಿ ಸಂಘದ ಅಂಗಡಿ, ನಿಗದಿತ ಬೆಲೆ. ಕೆಂಪೇಗೌಡ ರಸ್ತೆಯ ಹಳೆಯ ಏಷ್ಯಾಟಿಕ್ ಕಟ್ಟಡದಲ್ಲಿ ಬಟ್ಟೆ, ಪಾತ್ರೆ, ಶಾಲೆಯ ಪುಸ್ತಕ, ಸಾಬೂನು ಎಲ್ಲವೂ ಸಿಗುತ್ತಿದ್ದವು. ಆ ಕಟ್ಟಡವನ್ನು ಕೆಡವುವ ಮಾತು ಬಂದಾಗ ಪರಂಪರೆಯ ಬಗ್ಗೆ ಕಾಳಜಿ ಇರುವವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ತೊಂಬತ್ತರ ದಶಕದಲ್ಲಿ ಮಕ್ಕಳಿಗೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಎಂದರೆ ಹಬ್ಬ. ಕೋಟೆಯಂತೆ ಕಾಣುವ ದೊಡ್ಡ ಅಂಗಡಿ, ಅದರ ಹಿಂದೆ ಎತ್ತರದ ಶಿವನ ಮೂರ್ತಿ. ಅಂಗಡಿಯ ಹೆಸರು ಮುಂದೆ ಬದಲಾಯಿತು. ಶಿವನ ದರ್ಶನಕ್ಕೆ ಮಾತ್ರ ಜನ ಇಂದಿಗೂ ಹೋಗುತ್ತಾರೆ.

ಡಿಪಾರ್ಟ್‌ಮೆಂಟ್ ಸ್ಟೋರ್ ಮತ್ತು ಮಾಲ್ ಒಂದೇ ಅಲ್ಲವೇ?

ಅಲ್ಲ. ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ಒಬ್ಬನೇ ವ್ಯಾಪಾರಿಯ ದೊಡ್ಡ ಅಂಗಡಿ. ಸೀರೆಯ ವಿಭಾಗ, ಚಪ್ಪಲಿಯ ವಿಭಾಗ, ಪಾತ್ರೆಯ ವಿಭಾಗ ಎಲ್ಲವೂ ಅವನವೇ. 1852ರಲ್ಲಿ ಪ್ಯಾರಿಸ್‌ನ ಬಾನ್ ಮಾರ್ಷೆ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬೂಸಿಕೊ, ಚೌಕಾಸಿಯಿಲ್ಲದ ನಿಗದಿತ ಬೆಲೆ ಮತ್ತು ಕೊಳ್ಳದಿದ್ದರೂ ಒಳಗೆ ಬಂದು ನೋಡುವ ಸ್ವಾತಂತ್ರ್ಯದಿಂದ ಅದನ್ನು ಬೆಳೆಸಿದ. ನಮ್ಮಲ್ಲಿ ಆ ಸಾಲಿಗೆ ಸೇರುವುದು 1991ರಲ್ಲಿ ಮುಂಬೈಯ ಅಂಧೇರಿಯಲ್ಲಿ ಆರಂಭವಾದ ಶಾಪರ್ಸ್ ಸ್ಟಾಪ್, ಆಮೇಲೆ ಬಂದ ಲೈಫ್‌ಸ್ಟೈಲ್ ಮೊದಲಾದವು.

ಮಾಲ್‌ನ ಒಡೆಯ ಏನನ್ನೂ ಮಾರುವುದಿಲ್ಲ. ಅವನು ಜಾಗ ಕೊಡುತ್ತಾನೆ, ಜನರನ್ನು ಕರೆತರುತ್ತಾನೆ. ನೂರಾರು ವ್ಯಾಪಾರಿಗಳು ಅವನ ಬಾಡಿಗೆದಾರರು. ಇವುಗಳಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಅಥವಾ ಸೂಪರ್ ಮಾರ್ಕೆಟ್ ಒಂದೆರಡಕ್ಕೆ ‘ಆಂಕರ್’ ಎಂಬ ಹೆಸರಿದೆ. ಹಡಗಿಗೆ ಲಂಗರು ಇದ್ದಂತೆ. ಆಂಕರ್ ಮಳಿಗೆಗೆ ಚದರ ಅಡಿಗೆ ಕಡಿಮೆ ಬಾಡಿಗೆ, ಏಕೆಂದರೆ ಅದನ್ನು ನಂಬಿ ಬರುವ ಜನ ದಾರಿಯಲ್ಲಿ ಸಣ್ಣ ಅಂಗಡಿಗಳಿಗೂ ಇಣುಕುತ್ತಾರೆ. ಆಂಕರ್ ಕಿತ್ತರೆ ಸಣ್ಣ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಳ್ಳುತ್ತವೆ.

ಈಗ ಮಾಲ್ ಇರುವ ಜಾಗಗಳಲ್ಲಿ ಮೊದಲು ಏನಿತ್ತು?

ಬೆಂಗಳೂರು ಗಿರಣಿಗಳ ಊರಾಗಿತ್ತು ಎಂಬುದನ್ನು ಹೊಸ ತಲೆಮಾರು ನಂಬುವುದು ಕಷ್ಟ. ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ನಿಂತಿರುವುದು ಹಿಂದಿನ ರಾಜಾ ಮಿಲ್‌ನ ಜಾಗದಲ್ಲಿ. 1884ರಷ್ಟು ಹಿಂದೆ ಆರಂಭವಾದ ಬಿನ್ನಿ ಗಿರಣಿಯ ಜಮೀನಿನಲ್ಲಿ ಈಗ ಎತ್ತರದ ವಸತಿ ಗೋಪುರಗಳೂ ಮಾಲ್ ಕೂಡ ಇವೆ. 2008ರಲ್ಲಿ ತೆರೆದ ಯುಬಿ ಸಿಟಿ ಇರುವುದು ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್‌ ನೆಲಸಮವಾಗಿ ಅಲ್ಲಿ ಬೆಂಗಳೂರು ಸೆಂಟ್ರಲ್ ಬಂತು.

ಬೆಳಗಿನ ಸೈರನ್‌ಗೆ ಎದ್ದು ಸೈಕಲ್ ಹತ್ತುತ್ತಿದ್ದ ಕಾರ್ಮಿಕರ ಮನೆಗಳು ಆ ಗಿರಣಿಗಳ ಸುತ್ತಲೇ ಇದ್ದವು. ಗಿರಣಿ ಮುಚ್ಚಿದಾಗ ಅವರಿಗೆ ಸಿಕ್ಕಿದ್ದು ಬಹಳ ಕಡಿಮೆ, ಜಮೀನಿಗೆ ಸಿಕ್ಕ ಬೆಲೆಯೋ ಬಹಳ ಹೆಚ್ಚು. ನೂರು ಎಕರೆಯ ಗಿರಣಿ ಒಮ್ಮೆ ಮಾಲ್ ಆದರೆ ಮತ್ತೆ ಅಲ್ಲಿ ನೇಯ್ಗೆ ಬರುವುದಿಲ್ಲ. ಆದ್ದರಿಂದಲೇ ಆ ಮಾಲ್ ಚೆನ್ನಾಗಿ ಬಾಳಬೇಕು ಎಂಬ ಆಸೆ ನನಗೆ. ಇಷ್ಟು ಕಳೆದುಕೊಂಡು ಕಟ್ಟಿದ್ದೂ ಪಾಳು ಬಿದ್ದರೆ ನಷ್ಟ ಎರಡು ಪಟ್ಟು.

ಹಾಗಾದರೆ ಕೆಲವು ಮಾಲ್‌ಗಳು ಖಾಲಿ ಬಿದ್ದಿರುವುದೇಕೆ?

ಬಹಳ ಕಾರಣಗಳನ್ನು ಹೇಳುತ್ತಾರೆ. ಮುಖ್ಯ ಕಾರಣ ಒಂದೇ ಎಂದು ನನಗೆ ಅನ್ನಿಸಿದೆ. ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರಿದವರು ಸೋತರು, ಇಡೀ ಕಟ್ಟಡವನ್ನು ಕೈಯಲ್ಲಿಟ್ಟುಕೊಂಡು ಬಾಡಿಗೆಗೆ ಕೊಟ್ಟವರು ಉಳಿದರು.

2005ರಿಂದ ಸುಮಾರು ಹತ್ತು ವರ್ಷ ಮಾಲ್ ಕಟ್ಟುವುದು ದೇಶದಲ್ಲೆಲ್ಲ ಒಂದು ಹುಚ್ಚಾಗಿತ್ತು. ಬಿಲ್ಡರ್‌ಗೆ ಹಣ ಬೇಕು, ಬ್ಯಾಂಕ್ ಸಾಲ ದುಬಾರಿ. ಸುಲಭದ ದಾರಿ ಎಂದರೆ ಕಟ್ಟುವ ಮೊದಲೇ 200, 300 ಚದರ ಅಡಿಯ ಮಳಿಗೆಗಳನ್ನು ನೂರಾರು ಮಂದಿಗೆ ಮಾರಿಬಿಡುವುದು. ಅವನ ಹಣ ಬಂತು, ಅವನು ಮುಂದಿನ ಯೋಜನೆಗೆ ಹೋದ. ಉಳಿದದ್ದು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಎಳೆಯುವ ಇನ್ನೂರು ಒಡೆಯರು. ಒಬ್ಬರು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟರು. ಪಕ್ಕದವರು ಹೆಚ್ಚು ಬಾಡಿಗೆಗಾಗಿ ಬೀಗ ಹಾಕಿಕೊಂಡು ಕಾದರು. ಮೂರನೆಯವರು ದುಬೈಯಲ್ಲಿ ಇದ್ದಾರೆ, ಫೋನ್ ಎತ್ತುವುದಿಲ್ಲ. ದೊಡ್ಡ ಬ್ರ್ಯಾಂಡ್‌ಗೆ 20,000 ಚದರ ಅಡಿ ಒಟ್ಟಾಗಿ ಬೇಕೆಂದರೆ ಎಪ್ಪತ್ತು ಜನರ ಸಹಿ ಬೇಕು, ಅದು ಆಗುವ ಮಾತಲ್ಲ. ನಿರ್ವಹಣಾ ಶುಲ್ಕವನ್ನು ಅರ್ಧ ಜನ ಕಟ್ಟದಿದ್ದಾಗ ಎಸಿ ನಿಂತಿತು, ಆಮೇಲೆ ಶೌಚಾಲಯದ ನೀರು, ಆಮೇಲೆ ಜನ.

ಒಬ್ಬರ ಕೈಯಲ್ಲಿರುವ ಮಾಲ್‌ನಲ್ಲಿ ಹೀಗಾಗುವುದಿಲ್ಲ. ಯಾವ ಮಹಡಿಯಲ್ಲಿ ಮಕ್ಕಳ ಬಟ್ಟೆ, ಯಾವ ಮೂಲೆಯಲ್ಲಿ ಕಾಫಿ, ವ್ಯಾಪಾರವಾಗದ ಅಂಗಡಿಯನ್ನು ಯಾವಾಗ ಎಬ್ಬಿಸಬೇಕು ಎಂಬುದನ್ನು ಕುಳಿತು ಯೋಚಿಸುವವರು ಅಲ್ಲಿ ಇರುತ್ತಾರೆ. ಜಾತ್ರೆಗೆ ಒಂದು ಸಮಿತಿ ಇದ್ದಂತೆ. ಬೆಂಡು ಬತ್ತಾಸಿನವರ ಪಕ್ಕದಲ್ಲಿ ಎತ್ತಿನ ವ್ಯಾಪಾರ ಕೂರಿಸಿದರೆ ಎರಡೂ ಕೆಡುತ್ತವೆ ಎಂಬುದು ಹಳ್ಳಿಯ ಹಿರಿಯರಿಗೂ ಗೊತ್ತಿತ್ತು.

ಇದರ ಜೊತೆಗೆ ಸಣ್ಣ ಕಾರಣಗಳಿವೆ. ಒಂದೇ ರಸ್ತೆಯಲ್ಲಿ ಮೂರು ಮಾಲ್, ಕಿರಿದಾದ ಪ್ರವೇಶ, ಆಸ್ತಿ ತೆರಿಗೆಯ ಬಾಕಿ. ಮಂತ್ರಿ ಸ್ಕ್ವೇರ್ ತೆರಿಗೆ ಬಾಕಿಯ ಕಾರಣಕ್ಕೆ ಹಲವು ಬಾರಿ ಪಾಲಿಕೆಯಿಂದ ಬೀಗ ಹಾಕಿಸಿಕೊಂಡಿತು. 2010ರಲ್ಲಿ ತೆರೆದಾಗ ದೇಶದ ಅತಿ ದೊಡ್ಡ ಮಾಲ್‌ಗಳಲ್ಲಿ ಒಂದೆನಿಸಿಕೊಂಡಿದ್ದ ಕಟ್ಟಡ ಅದು. 2014ರಿಂದ ಪಕ್ಕದಲ್ಲೇ ಮೆಟ್ರೋ ನಿಲ್ದಾಣವಿದ್ದರೂ ಬೀಗ ಬಿದ್ದ ಬೆಳಿಗ್ಗೆ ಅಲ್ಲಿನ ಅಂಗಡಿಯವರು ಬೀದಿಯಲ್ಲಿ ನಿಲ್ಲಬೇಕಾಯಿತು. ಬಾಡಿಗೆಯನ್ನು ತಪ್ಪದೆ ಕಟ್ಟುವ ಅಂಗಡಿಯವರೂ ಅಂಥ ದಿನ ವ್ಯಾಪಾರ ಕಳೆದುಕೊಳ್ಳುತ್ತಾರೆ.

‘ದೆವ್ವದ ಮಾಲ್’ ಎಂಬ ಮಾತು ಕೇಳಿದ್ದೇನೆ. ಏನದು?

ಆಸ್ತಿ ಸಲಹಾ ಸಂಸ್ಥೆ ನೈಟ್ ಫ್ರಾಂಕ್, ಶೇ 40ಕ್ಕಿಂತ ಹೆಚ್ಚು ಜಾಗ ಖಾಲಿಯಿರುವ ಮಾಲ್‌ಗಳನ್ನು ಹೀಗೆ ಕರೆಯುತ್ತದೆ. ಅದರ ಲೆಕ್ಕದಂತೆ 2023ರಲ್ಲಿ ದೇಶದ ಎಂಟು ದೊಡ್ಡ ನಗರಗಳಲ್ಲಿ ಇಂಥವು 64 ಇದ್ದವು. ಒಟ್ಟು ಸುಮಾರು 1.33 ಕೋಟಿ ಚದರ ಅಡಿ. ಹಿಂದಿನ ವರ್ಷ ಇದ್ದದ್ದು 57. ಅದೇ ಹೊತ್ತಿಗೆ ದೊಡ್ಡ, ಹೊಸ ಮಾಲ್‌ಗಳಲ್ಲಿ ಜಾಗಕ್ಕೆ ಪೈಪೋಟಿ ಇತ್ತು. ಹಾಗಾಗಿ ಮಾಲ್‌ಗಳ ಕಾಲ ಮುಗಿಯಿತು ಎನ್ನುವವರೂ ಮಾಲ್‌ಗಳದ್ದೇ ಕಾಲ ಎನ್ನುವವರೂ ಅರ್ಧವನ್ನಷ್ಟೇ ನೋಡುತ್ತಿದ್ದಾರೆ.

ಕಟ್ಟುತ್ತಿರುವ ಮಾಲ್‌ನಲ್ಲಿ ಒಂದು ಮಳಿಗೆ ಕೊಂಡರೆ ತಿಂಗಳಿಗೆ ಖಚಿತ ಬಾಡಿಗೆ ಕೊಡುತ್ತಾರಂತೆ. ಕೊಳ್ಳಬಹುದೇ?

ಮಾಲ್‌ಗಳು ಖಾಲಿ ಬಿದ್ದಿರುವುದೇಕೆ ಎಂಬ ಮೇಲಿನ ಉತ್ತರವನ್ನು ಮತ್ತೊಮ್ಮೆ ಓದಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ಹತ್ತಿರದ ಬಂಧುವೊಬ್ಬರು ಶಿಕ್ಷಕರಾಗಿ ನಿವೃತ್ತರಾದಾಗ ಬಂದ ಹಣದ ಬಹುಪಾಲನ್ನು ಇಂಥ ಒಂದು ಮಳಿಗೆಗೆ ಹಾಕಿದರು. ಹನ್ನೊಂದು ತಿಂಗಳು ಹೇಳಿದಂತೆ ಹಣ ಬಂತು. ಹನ್ನೆರಡನೆಯ ತಿಂಗಳಿನಿಂದ ನಿಂತಿತು. ಆ ಹನ್ನೊಂದು ತಿಂಗಳು ಅವರಿಗೆ ಬಂದದ್ದು ಅವರದೇ ಹಣದ ತುಣುಕು ಎಂದು ಆಮೇಲೆ ತಿಳಿಯಿತು. ಮಳಿಗೆ ಇಂದಿಗೂ ಅವರ ಹೆಸರಿನಲ್ಲಿದೆ, ತೆರಿಗೆ ಕಟ್ಟುತ್ತಾರೆ, ಬಾಡಿಗೆಗೆ ಕೇಳುವವರಿಲ್ಲ.

ಕೊಳ್ಳಲೇಬೇಕೆಂದಿದ್ದರೆ ಮೂರು ವಿಷಯಗಳನ್ನು ಮೊದಲು ನೋಡಿ. ಒಟ್ಟು ಜಾಗದಲ್ಲಿ ಎಷ್ಟು ಭಾಗ ಬಿಲ್ಡರ್‌ನ ಕೈಯಲ್ಲೇ ಉಳಿಯುತ್ತದೆ? ಯೋಜನೆ ರೇರಾದಲ್ಲಿ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿದೆಯೇ? ನಿಮಗೆ ಹೇಳುತ್ತಿರುವ ಚದರ ಅಡಿಯಲ್ಲಿ ಗೋಡೆಯೊಳಗಿನ ಬಳಸುವ ಜಾಗ ಎಷ್ಟು? ಮೆಟ್ಟಿಲು, ಓಣಿ, ಲಿಫ್ಟ್ ಎಲ್ಲ ಸೇರಿಸಿದ ಅಳತೆಗೂ ನೀವು ಮೇಜು ಹಾಕಬಹುದಾದ ಅಳತೆಗೂ ಬಹಳ ಅಂತರವಿರುತ್ತದೆ.

ಮಾಲ್‌ನಲ್ಲಿ ಅಂಗಡಿ ಹಾಕಿದರೆ ಬಾಡಿಗೆ ಹೇಗೆ ಲೆಕ್ಕ?

ಸಾಮಾನ್ಯವಾಗಿ ಎರಡು ಲೆಕ್ಕ ಇರುತ್ತದೆ. ಕನಿಷ್ಠ ಇಷ್ಟು ಎಂಬ ಖಚಿತ ಬಾಡಿಗೆ ಒಂದು, ಮಾರಾಟದಲ್ಲಿ ಇಂತಿಷ್ಟು ಶೇಕಡಾ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಅದರ ಮೇಲೆ ಸಾಮಾನ್ಯ ನಿರ್ವಹಣಾ ಶುಲ್ಕ, ವಿದ್ಯುತ್, ಪ್ರಚಾರದ ಪಾಲು, ಜಿಎಸ್‌ಟಿ. ಮೊದಲ ಸಲ ಅಂಗಡಿ ಹಾಕುವವರು ಬಾಡಿಗೆಯನ್ನಷ್ಟೇ ಲೆಕ್ಕಹಾಕಿ ಉಳಿದವನ್ನು ಮರೆಯುತ್ತಾರೆ. ಒಳಾಂಗಣದ ಕೆಲಸಕ್ಕೆ ಸುರಿದ ಹಣ ಅಂಗಡಿ ಬಿಡುವಾಗ ವಾಪಸ್ ಬರುವುದಿಲ್ಲ ಎಂಬುದೂ ನೆನಪಿರಲಿ.

ಮಾಲ್‌ಗಳನ್ನು ಕೊಂದದ್ದು ಆನ್‌ಲೈನ್ ವ್ಯಾಪಾರವಲ್ಲವೇ?

ಕೆಲವು ಬಗೆಯ ಅಂಗಡಿಗಳನ್ನು ಹೌದು. ಫೋರಂ ಮಾಲ್ ಇರುವ ಕೋರಮಂಗಲದಲ್ಲೇ 2007ರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು, ಮೊದಲು ಪುಸ್ತಕ ಮಾರುವ ತಾಣವಾಗಿ. ಫೋರಂನೊಳಗಿನ ದೊಡ್ಡ ಪುಸ್ತಕದಂಗಡಿಯಲ್ಲಿ ಗಂಟೆಗಟ್ಟಲೆ ನೆಲದ ಮೇಲೆ ಕುಳಿತು ಓದಿದವರಲ್ಲಿ ನಾನೂ ಒಬ್ಬ. ಆ ಅಂಗಡಿ ಈಗಿಲ್ಲ. ಕ್ಯಾಸೆಟ್, ಸಿಡಿ ಅಂಗಡಿಗಳೂ ಇಲ್ಲ. ಒಂದೇ ಬಡಾವಣೆಯಲ್ಲಿ ಮಾಲ್ ಸಂಸ್ಕೃತಿಯೂ ಅದಕ್ಕೆ ಎದುರಾಳಿಯಾದ ವ್ಯಾಪಾರವೂ ಮೂರೇ ವರ್ಷಗಳ ಅಂತರದಲ್ಲಿ ಕಣ್ಣುಬಿಟ್ಟದ್ದು ಈ ಊರಿನ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ.

ಆದರೆ ಇಡೀ ಮಾಲ್ ಸತ್ತದ್ದು ಅದರಿಂದ ಎಂದು ನಾನು ಒಪ್ಪುವುದಿಲ್ಲ. ಆನ್‌ಲೈನ್ ವ್ಯಾಪಾರ ಏರುತ್ತಿದ್ದ ವರ್ಷಗಳಲ್ಲೇ 2012ರಲ್ಲಿ ಒರಾಯನ್, 2021ರಲ್ಲಿ ಲುಲು, 2023ರಲ್ಲಿ ಫೀನಿಕ್ಸ್ ಮಾಲ್ ಆಫ್ ಏಷ್ಯಾ ತೆರೆದವು. ಜನ ಅಲ್ಲಿ ಈಗ ಕೊಳ್ಳುವುದಕ್ಕಿಂತ ಹೆಚ್ಚಾಗಿ ತಿನ್ನಲು, ಸಿನಿಮಾ ನೋಡಲು, ಮಕ್ಕಳನ್ನು ಆಡಿಸಲು ಹೋಗುತ್ತಾರೆ. ಆಟದ ಮೈದಾನ ಇಲ್ಲದ, ಪಾದಚಾರಿ ಮಾರ್ಗದಲ್ಲಿ ನಡೆಯಲಾಗದ ಊರಿನಲ್ಲಿ ನೆರಳು, ಶೌಚಾಲಯ, ಕುಳಿತುಕೊಳ್ಳುವ ಜಾಗ ಮೂರೂ ಸಿಗುವ ತಾಣ ಎಷ್ಟಿವೆ? ವಯಸ್ಸಾದ ದಂಪತಿಗಳು ಬೆಳಿಗ್ಗೆ ಮಾಲ್‌ನೊಳಗೆ ವಾಕಿಂಗ್ ಮಾಡುವುದನ್ನು ಕಂಡಾಗ ನನಗೆ ಸಂತೋಷವೂ ಆಗುತ್ತದೆ, ಊರಿನ ಪಾದಚಾರಿ ಮಾರ್ಗಗಳ ಸ್ಥಿತಿಗೆ ಸಂಕಟವೂ ಆಗುತ್ತದೆ.

ಬಿಗ್ ಬಜಾರ್ ಏನಾಯಿತು?

2001ರಲ್ಲಿ ಕಿಶೋರ್ ಬಿಯಾನಿ ಆರಂಭಿಸಿದ ಅದು ಸಂತೆಯ ಗದ್ದಲವನ್ನೇ ಸೂಪರ್ ಮಾರ್ಕೆಟ್‌ಗೆ ತಂದಿತು. ಸಾಲದ ಹೊರೆ ಮೊದಲೇ ಹೆಚ್ಚಿತ್ತು. 2020ರ ಕೊರೊನಾ ಮುಚ್ಚುಗಡೆ ಸೊಂಟ ಮುರಿಯಿತು. ರಿಲಯನ್ಸ್‌ಗೆ ಮಾರುವ ಒಪ್ಪಂದ ಅಮೆಜಾನ್‌ನ ತಕರಾರಿನಿಂದ ನ್ಯಾಯಾಲಯಗಳಲ್ಲಿ ಸಿಕ್ಕಿಕೊಂಡಿತು. ಬಾಡಿಗೆ ಕಟ್ಟಲಾಗದೆ 2022ರ ಫೆಬ್ರುವರಿಯಲ್ಲಿ ಅಂಗಡಿಗಳು ರಿಲಯನ್ಸ್ ಕೈಸೇರಿದವು, ಅದೇ ವರ್ಷ ಬಿಗ್ ಬಜಾರ್ ನಡೆಸುತ್ತಿದ್ದ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದನ್ನೇ ಆಂಕರ್ ಮಾಡಿಕೊಂಡಿದ್ದ ಎಷ್ಟೋ ಸಣ್ಣ ಮಾಲ್‌ಗಳಿಗೆ ಆ ಪೆಟ್ಟು ಬಿತ್ತು.

ಫೋರಂ ಹೆಸರು ಏಕೆ ಬದಲಾಯಿತು?

ಒಡೆತನ ಬದಲಾಯಿತು. ಪ್ರೆಸ್ಟೀಜ್ ತನ್ನ ಮಾಲ್‌ಗಳನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್‌ಗೆ ಮಾರಿತು, ಅವು ನೆಕ್ಸಸ್ ಹೆಸರಿಗೆ ಬಂದವು. 2023ರ ಮೇ ತಿಂಗಳಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಷೇರುಪೇಟೆಗೆ ಬಂದಿತು, ಮಾಲ್‌ಗಳನ್ನೇ ಆಸ್ತಿಯಾಗಿ ಹೊಂದಿದ ದೇಶದ ಮೊದಲ ರೀಟ್ (ಕಟ್ಟಡಗಳ ಬಾಡಿಗೆಯ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್) ಅದು. ಇಡೀ ಕಟ್ಟಡ ಒಬ್ಬರ ಕೈಯಲ್ಲಿ ಇದ್ದದ್ದರಿಂದಲೇ ಹೀಗೆ ಕೈಬದಲಾಗಲು ಸಾಧ್ಯವಾಯಿತು. ಆಟೋದವರು ಮಾತ್ರ ಈಗಲೂ ಫೋರಂ ಎಂದೇ ಹೇಳುತ್ತಾರೆ.

ಮಾಲ್‌ಗೆ ಪಂಚೆ ಉಟ್ಟು ಹೋಗಬಾರದೇ?

ಧಾರಾಳವಾಗಿ ಹೋಗಬಹುದು, ಹೋಗಬೇಕು. 2024ರ ಜುಲೈಯಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ನ ಬಾಗಿಲಲ್ಲಿ ತಡೆದರು. ಟಿಕೆಟ್ ಕೈಯಲ್ಲಿತ್ತು. ನಾಡಿಗೆ ನಾಡೇ ಸಿಟ್ಟಾಯಿತು, ವಿಷಯ ವಿಧಾನಮಂಡಲದಲ್ಲಿ ಪ್ರಸ್ತಾಪವಾಯಿತು, ಮಾಲ್ ಮುಚ್ಚಿಸುವ ಆದೇಶ ಹೊರಟಿತು, ಆಡಳಿತದವರು ಕ್ಷಮೆ ಕೇಳಿ ಸನ್ಮಾನ ಮಾಡಿದರು.

ಇದು ಹೊಸ ರೋಗವಲ್ಲ. ದೇಶದ ಮೊದಲ ಮಾಲ್‌ಗಳಲ್ಲಿ ಒಂದಾದ ಮುಂಬೈಯ ಕ್ರಾಸ್‌ರೋಡ್ಸ್ 1999ರಲ್ಲಿ ತೆರೆದಾಗ ಮೊಬೈಲ್ ಫೋನ್ ಅಥವಾ ಕ್ರೆಡಿಟ್ ಕಾರ್ಡ್ ತೋರಿಸಿದವರಿಗಷ್ಟೇ ನೇರ ಪ್ರವೇಶ, ಉಳಿದವರಿಗೆ ಶುಲ್ಕ ಎಂಬ ನಿಯಮ ಮಾಡಿತ್ತು. ಆ ನಿಯಮವೂ ಉಳಿಯಲಿಲ್ಲ, ಮಾಲ್ ಕೂಡ ಆ ರೂಪದಲ್ಲಿ ಉಳಿಯಲಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಮಾತ್ರ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಅವನೂ ಹಳ್ಳಿಯಿಂದ ಬಂದವನು, ಅವನ ತಂದೆಯೂ ಪಂಚೆ ಉಡುವವರು. ತಡೆಯಬೇಕೆಂದು ಅವನಿಗೆ ಕಲಿಸಿದವರು ಒಳಗೆ ತಣ್ಣನೆಯ ಕೋಣೆಯಲ್ಲಿ ಇರುತ್ತಾರೆ.

ಕನ್ನಡ ನಾಮಫಲಕದ ನಿಯಮ ಮಾಲ್‌ಗಳಿಗೂ ಅನ್ವಯಿಸುತ್ತದೆಯೇ?

ಹೌದು. 2023ರ ಡಿಸೆಂಬರ್ 27ರ ಹೋರಾಟದ ನಂತರ, 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಫಲಕ ಬಂದಷ್ಟೇ ಸಾಲದು, ಒಳಗಿನ ಮಾತೂ ಕನ್ನಡವಾಗಬೇಕು ಎಂಬುದು ನನ್ನ ಬಯಕೆ.

ಒಂದು ಮಾಲ್ ಬಂದರೆ ಸುತ್ತಲಿನವರಿಗೆ ಒಳ್ಳೆಯದೋ ಕೆಟ್ಟದ್ದೋ?

ರಸ್ತೆ ತಾಳಿಕೊಂಡರೆ ಒಳ್ಳೆಯದು. ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾ ತೆರೆದ ಎರಡೇ ತಿಂಗಳಿಗೆ ವಾಹನ ದಟ್ಟಣೆ, ಗದ್ದಲದ ದೂರಿನಿಂದ 2023ರ ಕೊನೆಯ ದಿನದಿಂದ ಎರಡು ವಾರ ಜನರನ್ನು ಬಿಡಬಾರದೆಂದು ಪೊಲೀಸರು ಆದೇಶಿಸಿದರು, ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡ ಮಾಲ್ ಕಟ್ಟಬೇಕು, ಹೆದ್ದಾರಿಗೆ ಅಂಟಿಕೊಂಡದ್ದಲ್ಲ. 2022ರಲ್ಲಿ ನಾಗಸಂದ್ರ ನಿಲ್ದಾಣದ ಪಕ್ಕದಲ್ಲಿ ತೆರೆದ ಪೀಠೋಪಕರಣಗಳ ದೊಡ್ಡ ಅಂಗಡಿ ಐಕಿಯಾಗೆ ಆ ಅನುಕೂಲ ಇದೆ.

ಚಿಕ್ಕಪೇಟೆ ಮುಳುಗಿತೇ?

ಇಲ್ಲ. ಮದುವೆಯ ಸೀರೆಗೆ ಇಂದಿಗೂ ಜನ ಅಲ್ಲಿಗೇ ಹೋಗುತ್ತಾರೆ. 2017ರಲ್ಲಿ ಮೆಟ್ರೋ ಬಂದ ಮೇಲೆ ಕಾರು ನಿಲ್ಲಿಸುವ ತಲೆನೋವೂ ಕಡಿಮೆಯಾಯಿತು. ಒಂದು ಸಾಲಿನಲ್ಲಿ ನಲವತ್ತು ಸೀರೆ ಅಂಗಡಿ, ಮೂರು ತಲೆಮಾರಿನ ಪರಿಚಯ, ಬೇಡವಾದರೆ ಬದಲಿಸಿಕೊಡುವ ಮಾತು. ಚಿಕ್ಕಪೇಟೆಯಲ್ಲೂ ಒಡೆಯರು ನೂರಾರು ಜನ, ಅಲ್ಲಿ ಅದು ಏಕೆ ತೊಂದರೆಯಾಗಲಿಲ್ಲ ಎಂದು ಕೇಳಬಹುದು. ಅಲ್ಲಿ ಮಳಿಗೆಯ ಒಡೆಯ ಅಥವಾ ಅವನ ಬಾಡಿಗೆದಾರ ಗಲ್ಲಾಪೆಟ್ಟಿಗೆಯ ಮುಂದೆ ತಾನೇ ಕುಳಿತಿರುತ್ತಾನೆ. ಎಸಿಯನ್ನೋ ಎಸ್ಕಲೇಟರನ್ನೋ ನಡೆಸಲು ಅವರೆಲ್ಲ ಒಪ್ಪಬೇಕಾಗಿಲ್ಲ.

ಮಾಲ್‌ನಲ್ಲಿ ಕೆಲಸ ಮಾಡುವವರ ಸ್ಥಿತಿ ಹೇಗಿದೆ?

ಹನ್ನೆರಡನೆಯ ತರಗತಿ ಮುಗಿಸಿದ ಸಾವಿರಾರು ಹುಡುಗ ಹುಡುಗಿಯರಿಗೆ ಇದು ಮೊದಲ ಸಂಬಳ. ಪಿಎಫ್, ಇಎಸ್‌ಐ ಸಿಗುವ ಸಾಧ್ಯತೆ ಬೀದಿಯ ಅಂಗಡಿಗಿಂತ ಹೆಚ್ಚು. ಆದರೆ ದಿನವಿಡೀ ನಿಂತೇ ಇರಬೇಕು, ಹಬ್ಬ ಹುಣ್ಣಿಮೆಗೆ ರಜೆ ಇಲ್ಲ, ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿದ ಮೇಲೆ ಬಸ್ಸಿಗೆ ಕಾಯಬೇಕು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರಬಾರದೆಂಬ ಪದ್ಧತಿಯ ವಿರುದ್ಧ ಕೇರಳದ ಜವಳಿ ಅಂಗಡಿಗಳ ಮಹಿಳೆಯರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿನಲ್ಲೇ ಪಡೆದರು. 2021ರಲ್ಲಿ ತಮಿಳುನಾಡೂ ಅಂಥದೇ ಕಾನೂನು ತಂದಿತು. ಮುಂದಿನ ಸಲ ಮಾಲ್‌ಗೆ ಹೋದಾಗ ಬಟ್ಟೆ ಮಡಿಸುವ ಹುಡುಗಿಯ ಹತ್ತಿರ ಒಂದು ಸ್ಟೂಲ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮ್ಯಾನೇಜರ್‌ಗೆ ಕೇಳಿ. ಗಿರಾಕಿ ಕೇಳಿದರೆ ಅವರು ಕಿವಿಗೊಡುತ್ತಾರೆ.

ಮೈಸೂರು, ಮಂಗಳೂರುಗಳಲ್ಲಿ?

ಮಂಗಳೂರಿನಲ್ಲಿ ಸಿಟಿ ಸೆಂಟರ್, ಫಿಜಾ ಮಾಲ್‌ಗಳಿಗೆ ಮಳೆಗಾಲವೇ ವರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗದೆ ಸುತ್ತಾಡಲು ಬೇರೆ ಜಾಗವಿಲ್ಲ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಜೊತೆ ಮಾಲ್‌ಗಳು ಪೈಪೋಟಿಗೆ ಇಳಿಯಲಾರವು, ಇಳಿಯುವ ಅಗತ್ಯವೂ ಇಲ್ಲ.

ಅಮೆರಿಕದಲ್ಲಿ ಮಾಲ್‌ಗಳು ಮುಚ್ಚುತ್ತಿವೆ. ನಮ್ಮಲ್ಲೂ ಹಾಗೇ ಆಗುತ್ತದೆಯೇ?

ಅಲ್ಲಿನ ಕಥೆ ಬೇರೆ. 1956ರಲ್ಲಿ ಮಿನೆಸೋಟದ ಇಡೀನಾದಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ವಿನ್ಯಾಸದ ಸೌತ್‌ಡೇಲ್ ಮಾಲ್ ತೆರೆದಾಗ, ಕಾರಿನಲ್ಲೇ ಬದುಕುವ ಉಪನಗರಗಳಿಗೆ ಒಂದು ಊರ ನಡುಮನೆ ಕಟ್ಟುವ ಕನಸು ಅವನದಾಗಿತ್ತು. ಸುತ್ತಲೂ ವಾಹನ ನಿಲುಗಡೆಯ ಬಯಲು ಮಾತ್ರ ಹರಡಿದ್ದನ್ನು ಕಂಡು ಅವನೇ ಆಮೇಲೆ ಬೇಸತ್ತ. ಅಲ್ಲಿ ಒಬ್ಬೊಬ್ಬ ಗಿರಾಕಿಗೆ ಇರುವ ಅಂಗಡಿ ಜಾಗ ನಮ್ಮದಕ್ಕಿಂತ ಹಲವು ಪಟ್ಟು ಹೆಚ್ಚು. 2018ರಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಸಿಯರ್ಸ್ ದಿವಾಳಿಯಾದಾಗ, 2024ರಲ್ಲಿ ಅಂಥದೇ ಮೇಸೀಸ್ 150 ಅಂಗಡಿ ಮುಚ್ಚುವುದಾಗಿ ಹೇಳಿದಾಗ, ಆಂಕರ್ ಕಳೆದುಕೊಂಡ ಮಾಲ್‌ಗಳ ಸಾಲೇ ಬಿತ್ತು. ನಮ್ಮಲ್ಲಿ ಒಳ್ಳೆಯ ಜಾಗದ ಕೊರತೆ ಇದೆ, ಕೆಟ್ಟದಾಗಿ ಕಟ್ಟಿದ ಜಾಗ ಹೆಚ್ಚಿದೆ.

ಒಂದು ಮಾಲ್ ಬಾಳುತ್ತದೆಯೋ ಇಲ್ಲವೋ ಎಂದು ನೋಡಿ ತಿಳಿಯುವುದು ಹೇಗೆ?

ಭಾನುವಾರ ಹೋಗಬೇಡಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಮೊದಲು ಅತಿ ಮೇಲಿನ ಮಹಡಿಯ ಶೌಚಾಲಯ ನೋಡಿ, ನಿರ್ವಹಣೆಯ ಹಣ ಬರುತ್ತಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ‘ಶೀಘ್ರದಲ್ಲೇ ಆರಂಭ’ ಎಂಬ ಫಲಕಗಳನ್ನು ಎಣಿಸಿ, ಮೂರು ತಿಂಗಳ ನಂತರ ಮತ್ತೆ ಹೋಗಿ ಎಣಿಸಿ. ಫುಡ್ ಕೋರ್ಟ್‌ನಲ್ಲಿ ಸುತ್ತಲಿನ ಕಚೇರಿಯವರು ಊಟ ಮಾಡುತ್ತಿದ್ದರೆ ವಾರದ ದಿನಗಳ ವ್ಯಾಪಾರ ಇದೆ ಎಂದು ತಿಳಿಯಿರಿ. ಕೊನೆಗೆ ಯಾವುದಾದರೂ ಸಣ್ಣ ಅಂಗಡಿಯಲ್ಲಿ ಏನಾದರೂ ಕೊಂಡು, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಒಪ್ಪಂದ ಮುಗಿದ ಮೇಲೂ ಇರುತ್ತೀರಾ ಎಂದು ಕೇಳಿ.